ಏನನ್ನೂ ಹೇಳದ ಹೆಸರು

2010ರಲ್ಲಿ ಬಂದ ಆರಿ ಕಂಪನಿಯ ಅಲೆಕ್ಸಾ ಕ್ಯಾಮೆರಾದಲ್ಲಿ ಒಂದು ಶಾಟ್ ರೆಕಾರ್ಡ್ ಮಾಡಿದರೆ ಆ ಕ್ಲಿಪ್ಪಿಗೆ ಎ001ಸಿ005_140325_ಆರ್2ಇಸಿ ಎಂಬಂಥ ಹೆಸರು ತಾನಾಗಿ ಬೀಳುತ್ತದೆ. ಮೊದಲ ಅಕ್ಷರ ಇದು ಎ ಕ್ಯಾಮೆರಾ ಎನ್ನುತ್ತದೆ. ನಂತರ ಎಷ್ಟನೆಯ ರೀಲು, ಆ ರೀಲಿನಲ್ಲಿ ಎಷ್ಟನೆಯ ಕ್ಲಿಪ್ಪು, ಯಾವ ದಿನ. ಕೊನೆಯಲ್ಲಿ ಆ ಕ್ಯಾಮೆರಾದ ಸ್ವಂತ ಗುರುತು. ಹಳೆಯ ಎಡಿಟ್ ಪಟ್ಟಿಗಳಲ್ಲಿ ರೀಲಿನ ಹೆಸರಿಗೆ ಎಂಟೇ ಅಕ್ಷರಗಳ ಜಾಗವಿತ್ತು. ಎ001ಸಿ005 ಎಂಬಷ್ಟು ಭಾಗ ಅದರಲ್ಲಿ ಸರಿಯಾಗಿ ಕೂರುತ್ತದೆ. ರೆಡ್ ಕ್ಯಾಮೆರಾದ ರೂಢಿಯ ಹೆಸರಿನಲ್ಲಿ ತಿಂಗಳು, ದಿನ ಇರುತ್ತವೆ, ವರ್ಷ ಇರುವುದಿಲ್ಲ; ಅದರ ಬೆನ್ನಿಗೆ ಯಾವ ಅರ್ಥವೂ ಇಲ್ಲದ, ಕ್ಯಾಮೆರಾ ತನಗೆ ತೋಚಿದಂತೆ ಹಾಕಿದ ಎರಡು ಅಕ್ಷರಗಳಿರುತ್ತವೆ. ಸೋನಿಯ ಅನೇಕ ಕ್ಯಾಮೆರಾಗಳದು ಇನ್ನೂ ಚಿಕ್ಕದು: ಸಿ0001, ಸಿ0002. ಇವುಗಳಲ್ಲಿ ಯಾವುದೂ ಚಿತ್ರದೊಳಗೆ ಏನಿದೆಯೆಂದು ಹೇಳುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಯ ಅಳುವಿರಲಿ, ಬರಿಯ ಗೋಡೆಯಿರಲಿ, ಹೆಸರಿನ ಬಗೆ ಒಂದೇ. ಇದನ್ನು ಯಂತ್ರದ ಬಡತನವೆಂದು ತಳ್ಳಿಹಾಕಬಾರದು ಎಂಬುದು ನನ್ನ ವಾದ. ಒಂದನ್ನು ಉಳಿದವುಗಳಿಂದ ಬಿಡಿಸಿ ನಿಲ್ಲಿಸುವುದು ಹೆಸರಿನ ಮೊದಲ ಕೆಲಸ. ಬಣ್ಣಿಸುವುದು ಆಮೇಲಿನದು, ಬೇರೆಯದು. ಎರಡನ್ನೂ ಒಂದೇ ಹೆಸರಿನ ಮೇಲೆ ಹೊರಿಸಿದಾಗ ಹೆಸರು ಪಡೆದದ್ದಕ್ಕೆ ಅನ್ಯಾಯವಾಗುತ್ತದೆ.

ಇದನ್ನು ಬಹಳ ಹಿಂದೆಯೇ ಬಿಗಿಯಾಗಿ ಯೋಚಿಸಿದವನು ಕಂಚಿಯ ಸೀಮೆಯವನೆಂದು ಪರಂಪರೆ ಹೇಳುವ ಬೌದ್ಧ ತಾರ್ಕಿಕ ದಿಙ್ನಾಗ. ಶಬ್ದವು ವಸ್ತುವಿನ ತಿರುಳನ್ನು ಮುಟ್ಟುವುದಿಲ್ಲ, ಅದಲ್ಲದ್ದನ್ನು ದೂರ ಮಾಡುವುದರ ಮೂಲಕವೇ ಕೆಲಸ ಮಾಡುತ್ತದೆ ಎಂಬುದು ಅವನ ಅಪೋಹವಾದ. ಅವನ ಮುಖ್ಯ ಚರ್ಚೆ ಹಸು, ಮರ ಎಂಬಂಥ ಸಾಮಾನ್ಯ ಪದಗಳದ್ದು, ಕ್ಲಿಪ್ಪಿನದು ಒಂದೇ ಒಂದರ ಹೆಸರು, ಹಾಗಾಗಿ ಹೋಲಿಕೆ ಸಲ್ಲದು ಎನ್ನಬಹುದು. ಆದರೆ ಪದಗಳ ಬಗೆಗಳನ್ನು ಎಣಿಸುವಾಗ ಅವನು ಜಾತಿ, ಗುಣ, ಕ್ರಿಯೆಗಳ ಪದಗಳ ಜೊತೆಗೆ ಯದೃಚ್ಛಾಶಬ್ದವನ್ನೂ ಸೇರಿಸಿದ್ದಾನೆ. ಅದಕ್ಕೆ ಉದಾಹರಣೆ ಶಾಸ್ತ್ರಕಾರರು ಮತ್ತೆ ಮತ್ತೆ ಬಳಸುವ 'ಡಿತ್ಥ', ಯಾವ ಗುಣವನ್ನೂ ಹೇಳದೆ ಸುಮ್ಮನೆ ಇಟ್ಟ ಹೆಸರು. ಎ001ಸಿ005 ಅಂಥದೇ ಒಂದು ಡಿತ್ಥ. ಅದು ಎ001ಸಿ004 ಅಲ್ಲ, ಎ001ಸಿ006 ಅಲ್ಲ. ಇಷ್ಟು ತಿಳಿಸಿದರೆ ಅದರ ಕೆಲಸ ಮುಗಿಯಿತು. ದಿನಾಂಕ, ರೀಲು ಏನನ್ನೋ ಹೇಳುತ್ತವಲ್ಲ ಎಂದರೆ, ಅವು ಹೇಳುವುದು ಚಿತ್ರ ಹುಟ್ಟಿದ ಸನ್ನಿವೇಶವನ್ನು, ಚಿತ್ರವನ್ನಲ್ಲ.

ಅಪೋಹವಾದದ ಮೇಲೆ ಮೀಮಾಂಸಕ ಕುಮಾರಿಲಭಟ್ಟ ಶ್ಲೋಕವಾರ್ತಿಕದಲ್ಲಿ ಎತ್ತಿದ ಆಕ್ಷೇಪ ಇಂದಿಗೂ ಚುರುಕಾಗಿದೆ. ಹಸುವಲ್ಲದ್ದನ್ನು ದೂರ ಮಾಡಬೇಕಾದರೆ ಹಸು ಯಾವುದೆಂದು ಮೊದಲೇ ಗೊತ್ತಿರಬೇಕಲ್ಲವೇ? ಕ್ಯಾಮೆರಾದ ಮಟ್ಟಿಗೆ ಇದಕ್ಕೆ ಉತ್ತರ ಸುಲಭ: ಅದಕ್ಕೆ ಹಸುವೂ ಗೊತ್ತಿಲ್ಲ, ಹಸುವಲ್ಲದ್ದೂ ಗೊತ್ತಿಲ್ಲ, ಹಿಂದಿನ ಅಂಕಿಗೆ ಒಂದನ್ನು ಕೂಡಿಸುತ್ತದೆ ಅಷ್ಟೆ. ಆದರೂ ಕುಮಾರಿಲನ ಮಾತನ್ನು ಅಲ್ಲಿಗೇ ಮುಗಿಸಿಬಿಡುವುದು ನ್ಯಾಯವಲ್ಲ. ಎಣಿಕೆ ಮರಳಿ ಒಂದರಿಂದ ಶುರುವಾದರೆ ಇನ್ನೊಂದು ಸಿ0001 ಹುಟ್ಟುತ್ತದೆ. ಎರಡೂ ಒಂದೇ ಫೋಲ್ಡರಿಗೆ ಬಂದರೆ ಒಂದರ ಮೇಲೆ ಇನ್ನೊಂದು ಬರೆದುಕೊಂಡು ಮೊದಲನೆಯದು ಇಲ್ಲವಾಗಬಹುದು. ಬೇರ್ಪಡಿಸುವ ಹೆಸರಿಗೆ ಯಾವುದರಿಂದ ಬೇರೆ ಎಂಬ ಎಲ್ಲೆಯೊಂದು ಬೇಕು, ಆ ಎಲ್ಲೆಯನ್ನು ಹೆಸರು ತಾನೇ ಹಾಕಿಕೊಳ್ಳಲಾರದು. ಇಷ್ಟನ್ನು ಒಪ್ಪಲೇಬೇಕು. ರೆಡ್ ಹಾಕುವ ಎರಡು ಅಕ್ಷರಗಳು ಆ ಎಲ್ಲೆಯನ್ನು ಕೊಂಚ ಹಿಗ್ಗಿಸುತ್ತವೆ. 26 ಇಂಗ್ಲಿಷ್ ಅಕ್ಷರ ಮತ್ತು 10 ಅಂಕಿಗಳಿಂದ ಹೆಚ್ಚೆಂದರೆ 1,296 ಜೋಡಿಗಳಾಗುತ್ತವೆ. ವೃತ್ತಿಪರ ವಿಡಿಯೋದಲ್ಲಿ ಇದಕ್ಕಿಂತ ದೂರ ಹೋದದ್ದು ಯುಮಿಡ್ ಎಂಬ 32 ಬೈಟುಗಳ ಗುರುತು. ಜಗತ್ತಿನಲ್ಲಿ ಇನ್ನೊಂದಕ್ಕೆ ಬರಬಾರದೆಂದು ರೂಪಿಸಿದ ಅದರೊಳಗೆ, ಇದು ಮೂಲವೋ ಪ್ರತಿಯೋ ಎಂಬುದಕ್ಕೂ ಪ್ರತ್ಯೇಕ ಜಾಗವಿದೆ, ಮೂಲಕ್ಕೆ ಸೊನ್ನೆ. ಹೆಸರಿಗೆ ಇಷ್ಟೆಲ್ಲ ಬಲ ತುಂಬಿದಾಗಲೂ ಒಳಗಿನ ಚಿತ್ರದ ಬಗ್ಗೆ ಒಂದಕ್ಷರ ಸೇರಿಸಬೇಕಾಗಿ ಬರಲಿಲ್ಲ. ಬೌದ್ಧರ ಎದುರಾಳಿಗಳಾದ ವೈಶೇಷಿಕರೂ ಇಂಥದೇ ಜಾಗಕ್ಕೆ ಬಂದು ನಿಂತವರು. ಗುಣಗಳಲ್ಲಿ ಒಂದೇ ತೆರನಾದ ಎರಡು ಪರಮಾಣುಗಳನ್ನು ಬೇರೆ ಮಾಡುವುದು ಯಾವುದು ಎಂಬ ಪ್ರಶ್ನೆ ಬಂದಾಗ ಅವರು 'ವಿಶೇಷ' ಎಂಬ ಪದಾರ್ಥವನ್ನೇ ಒಪ್ಪಬೇಕಾಯಿತು. ಬೇರ್ಪಡಿಸುವುದೊಂದನ್ನು ಬಿಟ್ಟರೆ ಅದಕ್ಕೆ ಬೇರೆ ಕಸುಬಿಲ್ಲ.

ಅರ್ಥವಿಲ್ಲದ ಹೆಸರಿನಿಂದ ಸಿನಿಮಾ ಕಟ್ಟಲಾಗುವುದಿಲ್ಲ ಎಂಬ ಆಕ್ಷೇಪ ದಿನನಿತ್ಯದ ಕೆಲಸದಿಂದ ಬರುತ್ತದೆ. ನಿಜ. ಅದಕ್ಕೇ ಕ್ಲಾಪ್ ಬೋರ್ಡ್ ಇದೆ, ಸೀನ್, ಶಾಟ್, ಟೇಕ್ ಎಂಬ ಲೆಕ್ಕವಿದೆ, ಓಕೆ ಮತ್ತು ಎನ್‌ಜಿ (ಬೇಡದ ಟೇಕ್) ಎಂಬ ಟಿಪ್ಪಣಿಗಳಿವೆ. ಆದರೆ ಇವೆಲ್ಲ ಕ್ಲಿಪ್ಪಿನ ಮೂಲ ಹೆಸರನ್ನು ಅಳಿಸದೆ ಅದರ ಜೊತೆಗೆ ಬಂದು ಸೇರುತ್ತವೆ. ಎಡಿಟಿಂಗ್ ಸಾಮಾನ್ಯವಾಗಿ ಹಗುರವಾದ ಪ್ರಾಕ್ಸಿ ಫೈಲುಗಳಲ್ಲಿ ನಡೆಯುತ್ತದೆ. ಕೊನೆಗೆ ಮೂಲ ಫೈಲುಗಳನ್ನು ಮರಳಿ ಜೋಡಿಸುವಾಗ ಕೈಹಿಡಿಯುವುದು ಕ್ಯಾಮೆರಾ ಇಟ್ಟ ಹೆಸರು ಮತ್ತು ಟೈಮ್‌ಕೋಡ್. ಅನುಕೂಲಕ್ಕೆಂದು ಯಾರೋ ಒಬ್ಬರು 'ಅಳುವ ಸೀನ್' ಎಂದು ಫೈಲಿನ ಹೆಸರು ಬದಲಿಸಿದ್ದರೆ ಆ ಕೊಂಡಿ ಕಡಿದುಹೋಗುತ್ತದೆ. ಇನ್ನೊಂದು ಮಾತೂ ಇದೆ. ಸೆಟ್‌ನಲ್ಲಿ ಎನ್‌ಜಿ ಎಂದು ಬಿಟ್ಟ ಟೇಕಿನೊಳಗೆ ನಟಿ ಉಸಿರು ಎಳೆದುಕೊಂಡ ಒಂದು ಕ್ಷಣ ಎಡಿಟಿಂಗ್ ಮೇಜಿನ ಮೇಲೆ ಇಡೀ ದೃಶ್ಯವನ್ನು ಎತ್ತಿ ನಿಲ್ಲಿಸಬಹುದು. ಹೆಸರೇ ತೀರ್ಪಾಗಿದ್ದರೆ ಆ ಕ್ಲಿಪ್ಪನ್ನು ಯಾರು ತೆರೆಯುತ್ತಿದ್ದರು? ನಮ್ಮ ಧಾರ್ಮಿಕ ಜೀವನ ಬಣ್ಣಿಸುವ ಹೆಸರುಗಳ ಕಡೆಗಿದೆಯಲ್ಲ, ವಿಷ್ಣುಸಹಸ್ರನಾಮ ಅದಕ್ಕೆ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಸಾಕ್ಷಿಯೇ, ಆದರೆ ನನ್ನ ವಾದದ ಪರವಾಗಿ. ಆ ಸಾವಿರದಲ್ಲಿ ಕೆಲವು ಹೆಸರುಗಳು ಮತ್ತೆ ಬರುತ್ತವೆ. ಅರ್ಥ ಬೇರೆಯಾದ್ದರಿಂದ ಇದು ಪುನರುಕ್ತಿಯಲ್ಲ ಎಂದು ಶಂಕರರದೆಂದು ಹೇಳುವ ಭಾಷ್ಯ ಸಮಾಧಾನ ಕೊಡುತ್ತದೆ. ಅಲ್ಲಿ ಹೆಸರು ಮರುಕಳಿಸಿದರೆ ಹಾನಿಯಿಲ್ಲ, ಏಕೆಂದರೆ ಯಾರನ್ನು ಕರೆಯುತ್ತಿದ್ದೇವೆ ಎಂಬುದು ಮೊದಲೇ ನಿಶ್ಚಯವಾಗಿದೆ. ಬಣ್ಣನೆ ಎಷ್ಟು ಬೇಕಾದರೂ ಬೆಳೆಯಬಹುದು, ಬೇರ್ಪಡಿಸುವ ಕೆಲಸ ಆಗಲೇ ಮುಗಿದಿದ್ದರೆ.

ಅತ್ಯಂತ ಭಾರದ ಆಕ್ಷೇಪ ಮನುಷ್ಯರನ್ನು ಕುರಿತದ್ದು. ಕ್ಲಿಪ್ಪಿಗೆ ಸಲ್ಲುವ ಅಂಕಿ ಮನುಷ್ಯನಿಗೆ ಸಲ್ಲುತ್ತದೆಯೇ? ನಾಜಿಗಳ ಶಿಬಿರವಾಗಿದ್ದ ಆಶ್ವಿಟ್ಜ್‌ನಲ್ಲಿ ಕೈದಿಗಳ ತೋಳಿಗೆ ಅಂಕಿಯನ್ನು ಹಚ್ಚೆ ಹೊಯ್ದದ್ದನ್ನು ನೆನೆದ ಮೇಲೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳುವಂತಿಲ್ಲ. ಅಲ್ಲಿ ಅಂಕಿಯನ್ನು ಕೊಟ್ಟದ್ದೇ ಹೆಸರನ್ನು ಕಿತ್ತುಕೊಳ್ಳಲು. ಮತ್ತೊಂದು ಹೆಸರಿಗೆ, ಮತ್ತೊಂದು ಮಾತಿಗೆ ಅವಕಾಶವಿಲ್ಲದಂತೆ ಮಾಡಿದ ಕ್ರೌರ್ಯ ಅದು. ಜೊತೆಗೆ, ಅದೇ ಕೈದಿಗಳ ಬಟ್ಟೆಯ ಮೇಲೆ ಬಣ್ಣಬಣ್ಣದ ತ್ರಿಕೋನಗಳೂ ಇದ್ದವು: ಇವನು ಯಾವ ಬಗೆಯವನು ಎಂದು ಸಾರುವ ಗುರುತುಗಳು. ಬಣ್ಣಿಸುವ ಗುರುತು ಅಲ್ಲಿ ಅಂಕಿಗಿಂತ ಮೃದುವಾಗಿರಲಿಲ್ಲ. ನಮ್ಮ ಆಧಾರ್‌ನ 12 ಅಂಕಿಗಳನ್ನು ಯೋಜಿಸುವಾಗ ಅವುಗಳಲ್ಲಿ ವ್ಯಕ್ತಿಯ ಬಗ್ಗೆ ಯಾವ ಮಾಹಿತಿಯೂ ಅಡಗಿರಬಾರದೆಂದು ನಿರ್ಧರಿಸಿದರು. ಖಾಸಗಿತನದ ಬಗ್ಗೆ ಆ ಯೋಜನೆಯ ಮೇಲಿರುವ ತಕರಾರುಗಳು ಗಂಭೀರವಾದವು, ಈ ನಿರ್ಧಾರದಿಂದ ಅವು ತೀರುವುದಿಲ್ಲ. ಆದರೆ ಆ ಅಂಕಿಗಳಿಂದ ಯಾರ ಜಾತಿಯನ್ನೂ ಊಹಿಸಲಾಗದು. ಅದೇ ಕಾರ್ಡಿನ ಮೇಲೆ ಅಚ್ಚಾದ ಹೆಸರಿನಿಂದ, ಅಡ್ಡಹೆಸರಿನಿಂದ, ಬಾಡಿಗೆಗೆ ಮನೆ ಕೇಳಿ ಬಂದವರ ಜಾತಿಯನ್ನು ಮನೆ ಮಾಲೀಕರು ಬಾಗಿಲಲ್ಲೇ ಊಹಿಸಿಬಿಡುತ್ತಾರೆ.