ಶಿಬಿರಕ್ಕೆ ಹೊರಟ ಬಾಲಕನೂ ರಾತ್ರಿಭೋಜನ ತ್ಯಾಗವೂ

ವ್ರತವು ಅದನ್ನು ಸ್ವೀಕರಿಸಿದವನದೋ ಅಥವಾ ಅದನ್ನು ಅವನಿಗೆ ರೂಢಿ ಮಾಡಿಸಿದ ಮನೆಯವರದೋ ಎಂಬ ಪ್ರಶ್ನೆ ಗ್ರಂಥವನ್ನು ಮುಂದಿಟ್ಟುಕೊಂಡು ಕುಳಿತಾಗ ಸುಲಭವಾಗಿ ತೋರುತ್ತದೆ. ಕಳೆದ ಬೇಸಿಗೆಯಲ್ಲಿ ನರಿಮೊಗರಿನ ನಮ್ಮ ಮನೆಯ ಚಾವಡಿಯಲ್ಲಿ ಅದೇ ಪ್ರಶ್ನೆ ಎದುರಾದಾಗ, ಮೂವತ್ತು ವರ್ಷಗಳಿಗೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದ ನಾನು ಮೊದಲು ಕೊಟ್ಟ ಉತ್ತರ ತಪ್ಪಾಗಿತ್ತು. ಅದನ್ನು ವಾಚಕ ಬಂಧುಗಳ ಮುಂದಿಡುವುದಕ್ಕಾಗಿಯೇ ಈ ಬರಹ.

ಹನ್ನೊಂದು ವಯಸ್ಸಿನ ನನ್ನ ಮೊಮ್ಮಗ ಐದು ದಿನಗಳ ಮಕ್ಕಳ ಶಿಬಿರವೊಂದಕ್ಕೆ ಹೋಗಬೇಕೆಂದು ಹಟ ಹಿಡಿದಿದ್ದ. ರಾತ್ರಿಯೂ ಅಲ್ಲಿಯೇ ವಾಸ. ನಮ್ಮ ಸೀಮೆಗೆ ಇದು ಹೊಸತೇನಲ್ಲ. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಶಿವರಾಮ ಕಾರಂತರು ಮಕ್ಕಳನ್ನು ಸೇರಿಸಿ ಆಟ, ನಾಟಕ, ಕುಣಿತಗಳ ಮೂಲಕ ಶಿಕ್ಷಣ ಕೊಡುವ ಪ್ರಯೋಗವನ್ನು ಎಂದೋ ಮಾಡಿ ತೋರಿಸಿದ್ದರು. ಹೊರದೇಶದಲ್ಲಿ ಬೇಡನ್ ಪೋವೆಲ್ ಅವರು 1907ರಲ್ಲಿ ಬ್ರೌನ್‌ಸೀ ದ್ವೀಪದಲ್ಲಿ ಸುಮಾರು ಇಪ್ಪತ್ತು ಹುಡುಗರನ್ನು ಡೇರೆಗಳಲ್ಲಿ ಇರಿಸಿದ್ದೇ ಸ್ಕೌಟ್ ಚಳವಳಿಗೆ ನಾಂದಿಯಾಯಿತು. ತಾಯಿಯ ಸೆರಗಿನಿಂದ ನಾಲ್ಕು ದಿನ ದೂರವಿದ್ದ ಮಗು ತನ್ನ ಬಟ್ಟಲನ್ನು ತಾನೇ ತೊಳೆಯಲು ಕಲಿಯುತ್ತದೆ; ಇದರಲ್ಲಿ ವಿವಾದವಿಲ್ಲ.

ವಿವಾದ ಹುಟ್ಟಿದ್ದು ಶಿಬಿರದ ವೇಳಾಪಟ್ಟಿಯಿಂದ. "ಮಾವ, ರಾತ್ರಿಯ ಊಟ ಎಂಟು ಗಂಟೆಗಂತೆ. ಇವನನ್ನು ಏನು ಮಾಡುವುದು?" ಎಂದು ಸೊಸೆ ಕೇಳಿದಳು. ಏಪ್ರಿಲ್ ಕೊನೆಯಲ್ಲಿ ನಮ್ಮ ಕಡೆ ಸೂರ್ಯಾಸ್ತವಾಗುವುದು ಸುಮಾರು ಆರು ಗಂಟೆ ನಲವತ್ತು ನಿಮಿಷಕ್ಕೆ. ಅದಕ್ಕೆ ಎರಡು ಘಳಿಗೆ, ಎಂದರೆ ನಲವತ್ತೆಂಟು ನಿಮಿಷ ಮೊದಲೇ ನಮ್ಮ ಮನೆಯಲ್ಲಿ ಊಟ ಮುಗಿಯುತ್ತದೆ. ಹುಡುಗ ಹುಟ್ಟಿದಂದಿನಿಂದ ಹಾಗೆಯೇ ಉಂಡವನು.

ಕಳುಹಿಸುವುದೇ ಬೇಡ ಎಂದಳು ಅವನ ಅಜ್ಜಿ. ಆಗ ನನಗೆ ವಡ್ಡಾರಾಧನೆಯ ಮೊದಲನೆಯ ಕಥೆ ನೆನಪಾಯಿತು. ಮಗನು ಋಷಿಗಳನ್ನು ಕಂಡರೆ ವಿರಕ್ತನಾದಾನೆಂಬ ಭಯದಿಂದ ಸುಕುಮಾರನ ತಾಯಿ ಅವರನ್ನು ಮನೆಯ ಹತ್ತಿರ ಸುಳಿಯಗೊಡಲಿಲ್ಲ. ರತ್ನಗಳ ಬೆಳಕಿನಲ್ಲಿಯೇ ಬೆಳೆದ ಅವನಿಗೆ ಎಣ್ಣೆದೀಪದ ಕುಡಿಯನ್ನು ಕಂಡರೆ ಕಣ್ಣೀರು ಬರುತ್ತಿತ್ತು. ಅಷ್ಟು ಕಾಪಾಡಿದರೂ ಒಂದು ರಾತ್ರಿ ಮುನಿಯ ಸ್ವರ ಕಿವಿಗೆ ಬಿದ್ದದ್ದೇ ತಡ, ಆತ ಮನೆಯಿಂದ ಇಳಿದುಹೋದ. ಮುಂದೆ ನರಿ ತಿನ್ನುತ್ತಿರುವಾಗಲೂ ಅಲುಗದೆ ನಿಂತ ಮಹಾತ್ಮನಾತ. (ನಮ್ಮೂರಿನ ಹೆಸರಿನಲ್ಲೇ ನರಿ ಇರುವುದರಿಂದ ಈ ಭಾಗ ಬಂದಾಗ ನನ್ನ ಶಾಲೆಯ ಮಕ್ಕಳು ನಗುತ್ತಿದ್ದುದುಂಟು.) ತಾಯಿ ಕಟ್ಟಿದ ಗೋಡೆಯಿಂದ ಆತನಿಗೆ ಆ ಸ್ಥೈರ್ಯ ಬಂದಿತೆಂದು ನಾನು ನಂಬಲಾರೆ. ಅಂತು, ಕಳುಹಿಸುವುದೆಂದು ತೀರ್ಮಾನವಾಯಿತು.

ನನ್ನ ತಪ್ಪು ಇಲ್ಲಿಂದ ಮುಂದಿನದು. ನಾನು ಹುಡುಗನನ್ನು ಕರೆದು, "ಹೊಟ್ಟೆಯ ತೊಂದರೆ ಇದೆ, ರಾತ್ರಿ ಊಟ ಮಾಡಬಾರದೆಂದು ಡಾಕ್ಟರರು ಹೇಳಿದ್ದಾರೆ ಎಂದುಬಿಡು. ಯಾರೂ ಬಲವಂತ ಮಾಡುವುದಿಲ್ಲ, ನಗುವುದೂ ಇಲ್ಲ" ಎಂದೆ. ಅವನು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿ, "ನನಗೆ ಹೊಟ್ಟೆಯ ತೊಂದರೆ ಇದೆಯಾ ಅಜ್ಜ?" ಎಂದು ಕೇಳಿದ. ಅವನು ಗಾಬರಿಯಿಂದ ಕೇಳಿದ್ದು. ನನಗಾದರೋ ತಲೆ ತಗ್ಗಿಸುವಂತಾಯಿತು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾತಿ ಆಚಾರ್ಯರು ವ್ರತಿಯಾದವನಲ್ಲಿ ಶಲ್ಯವಿರಬಾರದೆಂದು ವಿಧಿಸಿದ್ದಾರೆ. ಶಲ್ಯವೆಂದರೆ ಒಳಗೆ ಮುರಿದು ಉಳಿದ ಮುಳ್ಳು. ಮಾಯೆ, ಮಿಥ್ಯಾತ್ವ, ನಿದಾನ ಎಂದು ಅದು ಮೂರು ಬಗೆ. ಇಲ್ಲಿ ಮಾಯೆ ಎಂದರೆ ಕಪಟವೇ. ಎಷ್ಟೋ ಸಲ ಬಸದಿಯ ಜಗಲಿಯಲ್ಲಿ ಕುಳಿತು ಈ ಸೂತ್ರವನ್ನು ವಿವರಿಸಿದ ನಾನು, ಅಹಿಂಸೆಯ ರಕ್ಷಣೆಗೆಂದು ಬಂದ ಆಚಾರವೊಂದನ್ನು ಉಳಿಸುವುದಕ್ಕೆ ಮಗುವಿನ ಬಾಯಲ್ಲಿ ಅಸತ್ಯವನ್ನು ಇಡಹೊರಟಿದ್ದೆ. ತಾನು ಮಾಡುವುದು, ಪರರಿಂದ ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು ಎಂಬ ಮೂರರಲ್ಲಿ ಎರಡನೆಯದು ಸಂಪೂರ್ಣವಾಗಿ ನನ್ನ ಪಾಲಿಗೆ ಬರುತ್ತಿತ್ತು. ಹುಡುಗನ ಪಾಲಿಗೆ ಬರುತ್ತಿದ್ದುದು ಇನ್ನೂ ಕೆಟ್ಟದ್ದು: ನಮ್ಮ ಆಚಾರ ಪರರ ಮುಂದೆ ಹೇಳಿಕೊಳ್ಳಲಾಗದಂಥದು ಎಂಬ ಭಾವನೆ.

ಆಮೇಲೆ ಇನ್ನೊಂದು ವಿಷಯ ಹೊಳೆಯಿತು. ಈ ಹುಡುಗ ರಾತ್ರಿಭೋಜನ ತ್ಯಾಗವನ್ನು ಎಂದು ಸ್ವೀಕರಿಸಿದ? ಎಂದೂ ಇಲ್ಲ. ಸಂಜೆ ಒಲೆ ಆರಿದ ಮೇಲೆ ಉಣ್ಣಲು ಏನೂ ಇರುತ್ತಿರಲಿಲ್ಲ, ಅಷ್ಟೆ. ಅದು ಕುಲಾಚಾರ. ಕುಲಾಚಾರವನ್ನು ನಾನು ಹಗುರವಾಗಿ ಕಾಣುವವನಲ್ಲ, ಬೀಜಕ್ಕೆ ಅದೇ ಪಾತಿ. ಆದರೆ ಬಿಡುವ ಅವಕಾಶವೇ ಇಲ್ಲದವನು ಬಿಟ್ಟದ್ದನ್ನು ತ್ಯಾಗವೆನ್ನುವುದು ಹೇಗೆ? ಎಂಟು ವರ್ಷ ತುಂಬಿದ ಮನುಷ್ಯನಿಗೆ ಸಮ್ಯಕ್ತ್ವದ ಯೋಗ್ಯತೆಯುಂಟೆಂದು ನಮ್ಮ ಆಗಮ ಒಪ್ಪುತ್ತದೆ. ಹಾಗಿರುವಾಗ ಹನ್ನೊಂದರ ಹುಡುಗನನ್ನು ಕೇಳದೆಯೇ ಅವನ ವ್ರತದ ವಿಷಯವನ್ನು ಹಿರಿಯರು ಚರ್ಚಿಸುತ್ತಿದ್ದುದು ವಿಚಿತ್ರವೇ ಸರಿ.

ಸಮಂತಭದ್ರ ಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಯಮ, ನಿಯಮ ಎಂಬ ಭೇದವನ್ನು ಹೇಳಿದ್ದಾರೆ. ಬದುಕಿರುವವರೆಗಿನದು ಯಮ, ಕಾಲದ ಮಿತಿಯುಳ್ಳದ್ದು ನಿಯಮ. ಒಂದು ದಿನ, ಒಂದು ರಾತ್ರಿ, ಪಕ್ಷ, ಮಾಸ ಎಂದು ಮಿತಿಯನ್ನು ಅವರವರ ಶಕ್ತಿಯಂತೆ ಇಟ್ಟುಕೊಳ್ಳಬಹುದು. ಇದನ್ನು ಹುಡುಗನಿಗೆ ತಿಳಿಸಿ, "ನಿನ್ನಿಂದ ಎಷ್ಟು ದಿನ ಆಗುತ್ತದೆಯೋ ನೀನೇ ಹೇಳು. ಆಗುವುದಿಲ್ಲವೆಂದರೂ ಶಿಬಿರಕ್ಕೆ ಕಳುಹಿಸುತ್ತೇವೆ" ಎಂದೆ. ಅವನು ಐದೂ ದಿನ ಎಂದ. ಮಕ್ಕಳು ಯಾವಾಗಲೂ ಹಾಗೆಯೇ.

ಮುಂದಿನ ಹದಿನೈದು ದಿನ ಮನೆಯಲ್ಲಿ ಸಿದ್ಧತೆ ನಡೆಯಿತು. ರಾತ್ರಿ ತಾಯಿಯ ಕೋಣೆ ಬಿಟ್ಟು ಚಾವಡಿಯಲ್ಲಿ ಮಲಗಿದ. ಚಾಪೆ ಮಡಚುವುದು, ಬೈರಾಸು ಒಗೆಯುವುದು, ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ ಚೊಂಬಿಗೆ ತುಂಬುವುದು ಎಲ್ಲವೂ ಅವನದೇ. ಎಲ್ಲಕ್ಕಿಂತ ಕಷ್ಟವಾದದ್ದು ಒಂದು ವಾಕ್ಯ. "ನಾನು ಸೂರ್ಯಾಸ್ತದ ಮೇಲೆ ಊಟ ಮಾಡುವುದಿಲ್ಲ, ಅದು ನನ್ನ ನಿಯಮ" ಎಂದು ಗಟ್ಟಿಯಾಗಿ ಹೇಳಲು ಅವನಿಗೆ ನಾಚಿಕೆ. ಅಂಗಳದಲ್ಲಿ ನಿಂತು ನನ್ನನ್ನೇ ಶಿಬಿರದ ಅಡುಗೆಯವನೆಂದು ತಿಳಿದು ದಿನಕ್ಕೊಮ್ಮೆ ಹೇಳಿ ಅಭ್ಯಾಸ ಮಾಡಿದ. ಶಿಬಿರದ ಮುಖ್ಯಸ್ಥರಿಗೆ ನಾನು ಉಳ್ಳದ್ದನ್ನು ಉಳ್ಳಂತೆ ಬರೆದೆ. ಸಂಜೆ ಐದೂವರೆಗೆ ಅವಲಕ್ಕಿಯೋ ಸಜ್ಜಿಗೆಯೋ ಇರುತ್ತದೆ, ಹೊಟ್ಟೆ ತುಂಬ ತಿನ್ನಲಿ, ರಾತ್ರಿ ಇತರರಿಗೆ ಬಡಿಸಲಿ ಎಂದು ಸೌಜನ್ಯದ ಉತ್ತರ ಬಂತು.

ರಾತ್ರಿಯಲ್ಲಿ ಪರರಿಗೆ ಬಡಿಸಿದರೆ ದೋಷವಲ್ಲವೇ ಎಂದು ಬಂಧುಗಳೊಬ್ಬರು ಆಕ್ಷೇಪಿಸಿದರು. ಪರರಿಗೆ ಉಣಿಸುವುದನ್ನೂ ಬಿಡಬೇಕಾದದ್ದು ಆರನೆಯ ಪ್ರತಿಮೆಯಲ್ಲಿರುವ ಶ್ರಾವಕ ಎಂಬುದು ನಾನು ಪಂಡಿತರಿಂದ ಕಲಿತ ವ್ಯಾಖ್ಯಾನ. ಪ್ರತಿಮೆಗಳ ಮೆಟ್ಟಿಲನ್ನೇ ಹತ್ತದ ಬಾಲಕನ ಮೇಲೆ ಆ ಭಾರವನ್ನು ಹೊರಿಸುವುದು ನನಗೆ ಸರಿದೋರಲಿಲ್ಲ. ಹಸಿದವರ ಎಲೆಗೆ ಬಡಿಸುತ್ತ ತಾನು ಉಣ್ಣದಿರುವುದು ಅವನಿಗೆ ಒಳ್ಳೆಯ ಅಭ್ಯಾಸವೆಂದೇ ಭಾವಿಸಿದೆ. ಅವರು ಇಂದಿಗೂ ಒಪ್ಪಿಲ್ಲ.

ಐದು ದಿನ ಕಳೆದು ಹುಡುಗ ಬಂದ. ಕೈಚೀಲವನ್ನು ಚಾವಡಿಯಲ್ಲಿಟ್ಟು, ಕಾಲು ತೊಳೆಯದೆಯೇ ನನ್ನ ಬಳಿ ಕುಳಿತು, "ಅಜ್ಜ, ಮೂರನೆಯ ರಾತ್ರಿ ಉಂಡೆ" ಎಂದ. ಆ ದಿನ ಗುಡ್ಡ ಹತ್ತಿಸಿದ್ದರಂತೆ. ಬಡಿಸುವಾಗ ಪಾಯಸದ ಪರಿಮಳಕ್ಕೆ ತಡೆಯಲಾಗಲಿಲ್ಲವಂತೆ. ಉಳಿದ ಎರಡು ರಾತ್ರಿ ಮತ್ತೆ ನಿಯಮದಲ್ಲಿದ್ದನಂತೆ.

ಅವನ ತಾಯಿಯ ಮುಖ ಸಪ್ಪಗಾಯಿತು. ನಿಯಮಭಂಗವಾದದ್ದು ನಿಜ, ಅದನ್ನು ಅತಿಚಾರವೆಂದು ತೇಲಿಸಲು ನಾನು ಯತ್ನಿಸಲಿಲ್ಲ. ಆದರೆ ಪ್ರಾಯಶ್ಚಿತ್ತದ ಒಂಬತ್ತು ಭೇದಗಳಲ್ಲಿ ಮೊದಲನೆಯದು ಆಲೋಚನಾ, ದೋಷವನ್ನು ಗುರುವಿನ ಮುಂದೆ ತಾನಾಗಿ ಬಿಚ್ಚಿ ಹೇಳುವುದು. ಪರರ ಕಣ್ಣಿಗೆ ಬಿದ್ದ ದೋಷವನ್ನಷ್ಟೇ ಹೇಳುವುದನ್ನು ಆಚಾರ್ಯರು ಆಲೋಚನೆಯ ಹತ್ತು ದೋಷಗಳಲ್ಲಿ ಸೇರಿಸಿದ್ದಾರೆ. ಆ ರಾತ್ರಿ ಅವನನ್ನು ನೋಡಿದವರಾರೂ ನಮ್ಮ ಮನೆಗೆ ಬರುವವರಲ್ಲ. ಹೊಟ್ಟೆಯ ತೊಂದರೆಯ ನೆಪ ಹೇಳಿ ಐದು ದಿನವನ್ನೂ ಪೂರೈಸಿ ಬಂದಿದ್ದರೆ ನಾವೆಲ್ಲ ಹೊಗಳುತ್ತಿದ್ದೆವು. ಆ ಹೊಗಳಿಕೆಯನ್ನು ನೆನೆದರೆ ನನಗೀಗ ಅಂಜಿಕೆಯಾಗುತ್ತದೆ.

ನಾನೂ ಅವನಿಗೆ ಹೇಳಬೇಕಾದದ್ದು ಉಳಿದಿತ್ತು. ಡಾಕ್ಟರರ ಮಾತನ್ನು ಹೇಳಿಕೊಟ್ಟದ್ದು ನನ್ನ ತಪ್ಪು ಎಂದೆ. "ಅದು ನನಗೆ ಗೊತ್ತಿತ್ತು ಅಜ್ಜ" ಎಂದ. ಮರುದಿನ ಒಂದು ಹೊತ್ತಿನ ಊಟವನ್ನು ಇಬ್ಬರೂ ಬಿಟ್ಟೆವು. ಸಂಜೆ ತೋಟದ ಕಡೆ ಹೋಗುವಾಗ ಅವನು, "ಬರುವ ವರ್ಷ ಮೂರೇ ದಿನದ ನಿಯಮ ತೆಗೆದುಕೊಳ್ಳಲಾ?" ಎಂದು ಕೇಳಿದ. ಬರುವ ವರ್ಷ ಕೇಳು ಎಂದಿದ್ದೇನೆ.