ಕಾರ್ಡು ಹೇಳಿತೆಂದು ಆಡಿದ ಮಾತು ಯಾರದು?

ಪ್ರಶ್ನೆ: ದಿನಾ ಪೂಜೆಯಾದ ಮೇಲೆ ದೇವರ ಮುಂದೆ ಕೂತು ಒಂದು ಕಾರ್ಡು ತೆಗೆಯುವ ರೂಢಿ ಮಾಡಿಕೊಂಡಿದ್ದೇನೆ. ಟ್ಯಾರೋ, ಒರಾಕಲ್ ಎರಡೂ ನನ್ನ ಹತ್ತಿರ ಇವೆ. ಆ ದಿನ ಏನು ಯೋಚಿಸಬೇಕು, ಹೇಗೆ ಮಾತಾಡಬೇಕು ಎಂಬುದಕ್ಕೆ ಅದೊಂದು ಸೂಚನೆ ಅಂತ. ಎರಡು ತಿಂಗಳ ಹಿಂದೆ ‘ಮನಸ್ಸಿನ ಸತ್ಯ ಹೇಳಿಬಿಡು’ ಎಂಬ ಅರ್ಥದ ಕಾರ್ಡು ಬಂತು. ಅಂದೇ ಅತ್ತೆಯವರಿಗೆ ಬಹಳ ದಿನದಿಂದ ತಡೆದಿಟ್ಟಿದ್ದ ಮಾತು ಅಂದುಬಿಟ್ಟೆ. ಅವರು ಮರುದಿನವೇ ಹಾನಗಲ್ಲಿನ ಮನೆಗೆ ಹೋದರು. ಫೋನ್ ಮಾಡೋಣವೆಂದರೆ ಈಗ ‘ಮೌನವಾಗಿರು’ ಎಂಬ ಕಾರ್ಡೇ ಬರುತ್ತಿದೆ. ದೇವರ ಮನೆಯಲ್ಲಿ ಕಾರ್ಡು ಇಟ್ಟದ್ದು ದೋಷವೇ? ಶಾಂತಿ ಮಾಡಿಸಬೇಕೇ?
– ಒಬ್ಬ ಓದುಗರು, ಹುಬ್ಬಳ್ಳಿ

ಉತ್ತರ: ತಾಯಿ, ಮೊದಲು ನಿಮ್ಮ ಹೆದರಿಕೆ ತೆಗೀತೀನಿ. ಕಾರ್ಡಿನಿಂದ ದೋಷ ಬಂದಿಲ್ಲ, ಅದಕ್ಕೆ ಹೋಮ-ಶಾಂತಿ ಬೇಡ. ಟ್ಯಾರೋ ಹುಟ್ಟಿದ್ದು 15ನೇ ಶತಮಾನದ ಇಟಲಿಯಲ್ಲಿ, ನಮ್ಮ ಇಸ್ಪೀಟಿನ ಹಾಗೆ ಆಡುವ ಆಟವಾಗಿ. ಈಗಿನ ಕಟ್ಟಿನಲ್ಲಿ 78 ಎಲೆ. ಅದರಿಂದ ಭವಿಷ್ಯ ನೋಡುವುದು ಬೆಳೆದದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಒರಾಕಲ್ ಕಾರ್ಡಿಗಂತೂ ಇಷ್ಟೇ ಎಲೆ ಎಂಬ ನಿಯಮವೂ ಇಲ್ಲ, ತಯಾರಿಸಿದವರು ಬರೆದದ್ದೇ ಮಾತು. ಅದರೊಳಗೆ ದೇವರೂ ಇಲ್ಲ, ದೆವ್ವವೂ ಇಲ್ಲ. ದೇವರ ಮನೆಯಿಂದ ತೆಗೆದು ಪುಸ್ತಕದ ಕಪಾಟಿನಲ್ಲಿಡಿ, ಸಾಕು.

ಹಾಗಂತ ದೋಷವೇ ಇಲ್ಲ ಅಂತ ಹೇಳಲಾರೆ. ಅದು ಇರೋದು ಬೇರೆ ಕಡೆ.

ಸೂಚನೆ ಕೇಳುವುದು ನಮಗೆ ಹೊಸದಲ್ಲ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ಎಷ್ಟೋ ಮನೆತನದವರು ಮದುವೆ ಕೂಡಿಸುವ ಮುಂಚೆ ದೇವರ ಮೇಲೆ ಹೂವಿಟ್ಟು ಪ್ರಸಾದ ಕೇಳ್ತಾರೆ. ನಾನೂ ಕವಡೆ ಹಾಕಿ ಪ್ರಶ್ನೆ ನೋಡುವವನೇ, ನಿಮ್ಮನ್ನು ನೋಡಿ ನಗುವ ಹಕ್ಕು ನನಗಿಲ್ಲ. ಆದರೆ ಕೇಳುವುದಕ್ಕೂ ಒಂದು ಕ್ರಮ ಇದೆ. ನಿಜವಾಗಿ ತಿಳಿಯದ್ದನ್ನು ಮಾತ್ರ ಕೇಳಬೇಕು. ಬೇಕಾದ ಉತ್ತರ ಬರುವ ತನಕ ಕೇಳಿದ್ದನ್ನೇ ಕೇಳಬಾರದು. ಧರ್ಮ ಯಾವುದೆಂದು ಮನಸ್ಸಿಗೆ ಗೊತ್ತಿರುವಾಗ ಕೇಳಲೇಬಾರದು. ಆ ಮಾತು ಹಾಗೆ ಅನ್ನಬಾರದೆಂದು ನಿಮಗೆ ಗೊತ್ತಿತ್ತು. ಅದಕ್ಕೇ ಅಲ್ಲವೇ ಅಷ್ಟು ದಿನ ತಡೆದಿದ್ದಿರಿ?

ಮೈಲಾರದಲ್ಲಿ, ನಮ್ಮ ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ನುಡಿಯುವ ಕಾರಣಿಕ ಒಂದೇ ಸಾಲು. ಕೇಳಿದ ರೈತ ಅದನ್ನು ಮಳೆ-ಬೆಳೆ ಅಂತಾನೆ, ವ್ಯಾಪಾರಿ ಧಾರಣಿ ಅಂತಾನೆ, ರಾಜಕಾರಣಿ ಕುರ್ಚಿ ಅಂತಾನೆ. ಅರ್ಥ ಅವರವರ ಮನಸ್ಸಿನದು. ನಿಮ್ಮ ಕಾರ್ಡಿನಲ್ಲೂ ಅತ್ತೆಯವರ ಹೆಸರಿರಲಿಲ್ಲ, ಸೇರಿಸಿದ್ದು ನೀವು. ಈಗ ಬರುವ ‘ಮೌನ’ವೂ ಹಾಗೇ, ಫೋನ್ ಮಾಡಲು ಅಂಜುವ ಮನಸ್ಸಿಗೆ ಅದೊಂದು ಆಸರೆ.

ನಿಮ್ಮ ಮಾತು ಸುಳ್ಳು ಅಂತ ನಾನು ಅನ್ನೋದಿಲ್ಲ. ಅತ್ತೆಯವರದೂ ತಪ್ಪಿರಬಹುದು. ಆದರೆ ಭಗವದ್ಗೀತೆಯ 17ನೇ ಅಧ್ಯಾಯದ 15ನೇ ಶ್ಲೋಕದಲ್ಲಿ ಭಗವಂತ ಮಾತಿನ ತಪಸ್ಸನ್ನು ಹೇಳುವಾಗ ಸತ್ಯ ಒಂದನ್ನೇ ಹೇಳಲಿಲ್ಲ. ಕೇಳಿದವರ ಮನಸ್ಸು ಕಲಕಬಾರದು, ಸತ್ಯವಾಗಿರಬೇಕು, ಪ್ರಿಯವಾಗಿರಬೇಕು, ಹಿತವಾಗಿರಬೇಕು ಅಂದ. ವೇದಾಧ್ಯಯನವನ್ನೂ ಇದೇ ತಪಸ್ಸಿನಲ್ಲಿ ಸೇರಿಸಿದ. ನಾವು ನಾಲ್ಕರಲ್ಲಿ ಒಂದನ್ನು ಹಿಡಿದು ಮೂರನ್ನು ಬಿಡ್ತೀವಿ. ಜ್ಯೋತಿಷದಲ್ಲಿ ಜಾತಕದ ಎರಡನೇ ಮನೆ ವಾಕ್‌ಸ್ಥಾನ. ಅದೇ ಮನೆ ಕುಟುಂಬಸ್ಥಾನವೂ ಹೌದು. ನಾಲಿಗೆ ಕೆಟ್ಟಾಗ ಮೊದಲು ಪೆಟ್ಟು ಬೀಳೋದು ಮನೆಗೆ ಅನ್ನೋದನ್ನು ಇದಕ್ಕಿಂತ ಸ್ಪಷ್ಟವಾಗಿ ಹೇಗೆ ಹೇಳೋಣ?

ಶಿಗ್ಗಾಂವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರ ‘ರಾಮಧಾನ್ಯ ಚರಿತೆ’ ನೆನೆಸಿಕೊಳ್ಳಿ. ಭತ್ತ, ರಾಗಿ ತುಂಬಿದ ಸಭೆಯಲ್ಲಿ ಒಂದನ್ನೊಂದು ಬೈದಾಡುತ್ತವೆ. ಶ್ರೀರಾಮ ಆ ಬಿಸಿಯಲ್ಲಿ ತೀರ್ಪು ಕೊಡಲಿಲ್ಲ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟ, ಆಮೇಲೆ ಯಾವುದು ಉಳಿಯಿತೆಂದು ನೋಡಿದ. ಸಾಕ್ಷಾತ್ ರಾಮನೇ ಆರು ತಿಂಗಳು ಕಾದ. ನಾವು ಒಂದು ಎಲೆ ತಿರುವಿ ಆ ಕ್ಷಣಕ್ಕೇ ತೀರ್ಪು ತಗೋತೀವಿ.

ಕಾರ್ಡು ಬೇಕೇ ಬೇಕು ಅಂದರೆ ಸಂಜೆ ದೀಪ ಹಚ್ಚಿದ ಮೇಲೆ ತೆಗೆಯಿರಿ. ಬೆಳಿಗ್ಗೆ ತೆಗೆದದ್ದು ಅಪ್ಪಣೆಯಾಗುತ್ತದೆ, ಸಂಜೆ ತೆಗೆದದ್ದು ಲೆಕ್ಕವಾಗುತ್ತದೆ. ಬಂದ ಚಿತ್ರವನ್ನು ನೋಡುತ್ತ ‘ಇವತ್ತು ಯಾರಿಗೆ ಏನಂದೆ, ಯಾವ ಯೋಚನೆಯಿಂದ ಅಂದೆ?’ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಗೀತೆಯ ಆ ನಾಲ್ಕು ಮಾತಿಗೆ ಹಚ್ಚಿ ನೋಡಿ. ಇನ್ನೊಬ್ಬರ ಮನಸ್ಸಿನಲ್ಲಿ ಏನಿದೆ ಅಂತ ಮಾತ್ರ ಕಾರ್ಡನ್ನು ಕೇಳಬೇಡಿ. ಅದನ್ನು ಅವರನ್ನೇ ಕೇಳಬೇಕು.

ಇನ್ನು ಪರಿಹಾರ. ಪಾಠಶಾಲೆಯಲ್ಲಿ ಸ್ವರ ತಪ್ಪಿದರೆ ಗುರುಗಳು ಮುಂದೆ ಬಿಡ್ತಿರಲಿಲ್ಲ. ತಪ್ಪಿದ ಪದಕ್ಕೇ ವಾಪಸ್ ಹೋಗಿ ಅದನ್ನೇ ಸರಿಯಾಗಿ ಹೇಳಬೇಕಿತ್ತು. ಬೇರೆ ಮಂತ್ರ ನೂರು ಸಲ ಹೇಳಿದರೂ ಆ ತಪ್ಪು ತಿದ್ದುತ್ತಿರಲಿಲ್ಲ. ನಿಮ್ಮ ವಿಷಯವೂ ಅಷ್ಟೇ. ಫೋನ್ ಬೇಡ, ಯಜಮಾನರನ್ನು ಕರಕೊಂಡು ಈ ಭಾನುವಾರವೇ ಹಾನಗಲ್ಲಿಗೆ ಹೋಗಿ. ನಮಸ್ಕಾರ ಮಾಡಿ, ‘ಅತ್ತೀ, ಹಂಗ ಅನ್ನಬಾರದಿತ್ತು, ತಪ್ಪಾಯ್ತು’ ಅನ್ನಿ. ಕಾರ್ಡಿನ ಸುದ್ದಿ ತೆಗೆಯಬೇಡಿ, ಮಾತು ನಿಮ್ಮದೇ ಅಂತ ಒಪ್ಪಿಕೊಳ್ಳಿ. ನಿಮ್ಮ ನೋವು ಏನಿದೆಯೋ ಅದನ್ನು ಇನ್ನೊಂದು ದಿನ, ತಣ್ಣಗೆ ಹೇಳಿದರಾಯಿತು. ಅವರು ಮಾತಾಡದಿದ್ದರೂ ಬೇಸರ ಬೇಡ. ಅಡಿಗೆಮನೆಗೆ ಹೋಗಿ ಕೈಗೂಡಿಸಿ, ಊಟ ಮಾಡಿಯೇ ಬನ್ನಿ.

ಆಮೇಲೆ ಅವರು ಮನಸ್ಸು ಮಾಡಿದರೆ ಜೊತೆಗೆ ಕರಕೊಂಡು ತಾರಕೇಶ್ವರನ ದರ್ಶನ ಮಾಡಿ. ಅದೇ ನಿಮಗೆ ಶಾಂತಿ. ಶುಭವಾಗಲಿ.