ಸಂತೈಸುವವರ ಬೇಡಿಕೆ

ತನ್ನನ್ನು ಶಾಂತಿಯ ಸಾಧನವಾಗಿ ಬಳಸಿಕೊಳ್ಳೆಂದು ದೇವರನ್ನು ಬೇಡುವ ಪ್ರಾರ್ಥನೆಯೊಂದು ಅಸ್ಸಿಸಿಯ ಸಂತ ಫ್ರಾನ್ಸಿಸರ ಹೆಸರಿನಲ್ಲಿ ಲೋಕವನ್ನೆಲ್ಲ ಸುತ್ತಿದೆ. ಆದರೆ 13ನೇ ಶತಮಾನದ ಆ ಸಂತರ ಬರಹಗಳಲ್ಲಿ ಅದು ಇಲ್ಲ. ನಮಗೆ ಸಿಕ್ಕಿರುವ ಅದರ ಅತ್ಯಂತ ಹಳೆಯ ರೂಪ 1912ರಲ್ಲಿ ಪ್ಯಾರಿಸ್ಸಿನ ‘ಲಾ ಕ್ಲೋಶೆತ್’ ಎಂಬ ಪುಟ್ಟ ಧಾರ್ಮಿಕ ಪತ್ರಿಕೆಯಲ್ಲಿ, ಬರೆದವರ ಹೆಸರಿಲ್ಲದೆ ಅಚ್ಚಾಯಿತು. 1916ರಲ್ಲಿ, ಯುರೋಪಿನ ಊರೂರಿಗೂ ಸಾವಿನ ಸುದ್ದಿ ಬರುತ್ತಿದ್ದ ಮಹಾಯುದ್ಧದ ನಡುವೆ, ವ್ಯಾಟಿಕನ್ ಪತ್ರಿಕೆ ಅದನ್ನು ಇಟಾಲಿಯನ್ ಭಾಷೆಯಲ್ಲಿ ಪ್ರಕಟಿಸಿತು. ಅದರ ಉತ್ತರಾರ್ಧದ ಒಂದು ಬೇಡಿಕೆಯ ತಾತ್ಪರ್ಯ ಇಷ್ಟು: ತನಗೆ ಸಾಂತ್ವನ ಸಿಗಲೆಂದು ಹಾತೊರೆಯುವುದಕ್ಕಿಂತ ಇತರರನ್ನು ಸಂತೈಸುವತ್ತ ತನ್ನ ಮನಸ್ಸು ಹೆಚ್ಚು ಹರಿಯಬೇಕು.

ಇದನ್ನು ಬರಿಯ ಔದಾರ್ಯದ ಮಾತೆಂದು ಓದಿದರೆ ಅದರ ಅರ್ಧ ಅರ್ಥ ಕೈತಪ್ಪುತ್ತದೆ. ತನ್ನ ಸಾಂತ್ವನವನ್ನು ಅರಸುತ್ತಿರುವವನು ಇನ್ನೊಬ್ಬರನ್ನು ಸಂತೈಸಲಾರ ಎಂಬ ಕಟುಸತ್ಯ ಅದರೊಳಗಿದೆ. ಸಾವಿನ ಮನೆಯಲ್ಲಿ ನಾವು ಆಡುವ ಮಾತುಗಳನ್ನೇ ನೋಡಿ. ‘ಅಳಬೇಡಿ, ಸಮಾಧಾನ ಮಾಡಿಕೊಳ್ಳಿ’ ಎನ್ನುತ್ತೇವೆ. ಎಷ್ಟೋ ಸಲ ಆ ಅಳುವನ್ನು ನಮ್ಮಿಂದ ತಡೆದುಕೊಳ್ಳಲಾಗದೆ ಹಾಗೆನ್ನುತ್ತೇವೆ. ಬೈಬಲಿನ ಯೋಬನ ಮೂವರು ಗೆಳೆಯರ ಕಥೆ ಇದಕ್ಕೆ ಸಾಕ್ಷಿ. ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡು ಮೈತುಂಬ ಹುಣ್ಣಾಗಿದ್ದವನ ಪಕ್ಕದಲ್ಲಿ ಅವರು ಏಳು ಹಗಲು ಏಳು ರಾತ್ರಿ ನೆಲದ ಮೇಲೆ ಮೌನವಾಗಿ ಕುಳಿತರು. ಅಲ್ಲಿಯವರೆಗೆ ಅವರು ನಿಜವಾದ ಗೆಳೆಯರು. ಬಾಯಿ ತೆರೆದದ್ದೇ ತಡ, ತಪ್ಪು ಮಾಡಿದವನಿಗೇ ಕಷ್ಟ ಬರುತ್ತದೆ ಎಂದು ಸಾಧಿಸತೊಡಗಿದರು. ನಿರಪರಾಧಿಯೂ ನರಳಬಹುದೆಂದು ಒಪ್ಪಿದರೆ ನಾಳೆ ತಮಗೂ ರಕ್ಷಣೆಯಿಲ್ಲ! ಅವರ ವಾದ ಸಂತೈಸುತ್ತಿದ್ದುದು ಅವರನ್ನೇ. ಯೋಬ ಅವರನ್ನು ಬೇಸರ ಹುಟ್ಟಿಸುವ ಸಂತೈಕೆಯವರೆಂದು ಜರೆದದ್ದರಲ್ಲಿ ಅನ್ಯಾಯವೇನಿಲ್ಲ.

ಬರಿದಾದ ಕೊಡದಿಂದ ನೀರು ಬಗ್ಗಿಸುವುದು ಹೇಗೆ ಎಂಬ ಆಕ್ಷೇಪ ಸಹಜ. ಗೆತ್ಸೆಮನೆ ತೋಟದಲ್ಲಿ ಯೇಸುವೇ ಶಿಷ್ಯರನ್ನು ತನ್ನೊಂದಿಗೆ ಎಚ್ಚರವಾಗಿರಿ ಎಂದು ಕೇಳಿಕೊಂಡನಲ್ಲ? ಕುಗ್ಗಿಹೋಗಿದ್ದ ಅಪೊಸ್ತಲ ಪೌಲನೂ ತನ್ನ ಸಂಗಡಿಗ ತೀತನ ಬರವಿನಿಂದ ದೇವರು ತನ್ನನ್ನು ಸಂತೈಸಿದನೆಂದು ಕೊರಿಂಥದವರಿಗೆ ಬರೆದ. ಹೌದು, ಪ್ರಾರ್ಥನೆ ಇದನ್ನು ಅಲ್ಲಗಳೆಯುವುದಿಲ್ಲ. ಅದರಲ್ಲಿರುವುದು ನಿಷೇಧವಲ್ಲ, ಹೋಲಿಕೆ. ಸಾಂತ್ವನ ಬಂದರೆ ಬೇಡವೆನ್ನು ಎಂದು ಅದು ಹೇಳುತ್ತಿಲ್ಲ, ಹುಡುಕಾಟದ ದಿಕ್ಕನ್ನಷ್ಟೇ ತಿರುಗಿಸುತ್ತದೆ. ತೋಟದಲ್ಲಿ ಶಿಷ್ಯರು ನಿದ್ದೆಹೋದರು, ಯೇಸು ಕೇಳಿದ್ದು ಸಿಗಲಿಲ್ಲ. ಆದರೂ ಮರುದಿನ ಶಿಲುಬೆಯಿಂದ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ, ಪಕ್ಕದಲ್ಲಿ ಸಾಯುತ್ತಿದ್ದ ಅಪರಾಧಿಗೆ ಭರವಸೆ ಕೊಟ್ಟ. ಕೊಡುವುದಕ್ಕೆ ತಾನು ತುಂಬಿಕೊಂಡಿರಲೇಬೇಕು ಎಂಬ ಲೆಕ್ಕ ಅಲ್ಲಿ ನಡೆಯಲಿಲ್ಲ. ನಮ್ಮ ಕಾಲಕ್ಕೆ ಹತ್ತಿರದ ಸಾಕ್ಷಿ ಮದರ್ ತೆರೇಸಾ. 1979ರಲ್ಲಿ ಓಸ್ಲೋದಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದಾಗ ಅವರು ಸಭಿಕರಿಂದ ಹೇಳಿಸಿದ್ದು ಇದೇ ಪ್ರಾರ್ಥನೆಯನ್ನು. 2007ರಲ್ಲಿ ಅವರ ಪತ್ರಗಳು ಪ್ರಕಟವಾದಾಗ, ದಶಕಗಳ ಕಾಲ ಅವರ ಒಳಬದುಕು ಕತ್ತಲಾಗಿತ್ತು, ದೇವರ ಸಾನ್ನಿಧ್ಯದ ಸಾಂತ್ವನವೇ ಅವರಿಗೆ ಇಲ್ಲವಾಗಿತ್ತು ಎಂದು ಗೊತ್ತಾಯಿತು. ಕೊಲ್ಕತ್ತದ ಕಾಳಿಘಾಟ್‌ನಲ್ಲಿ ಸಾಯುತ್ತಿರುವವರ ಆರೈಕೆ ಆ ಕತ್ತಲಲ್ಲೂ ನಿಲ್ಲಲಿಲ್ಲ. ನಂಬಿಕೆ ಎಂಬ ಮಾತಿಗೆ ನನಗೆ ತೋರುವ ಅತ್ಯಂತ ಗಟ್ಟಿಯಾದ ಅರ್ಥ ಇದು: ಹಿತವಾದ ಅನುಭವ ಬತ್ತಿಹೋದ ಮೇಲೂ ಕೈ ಚಾಚಿಕೊಂಡೇ ಇರುವುದು.

ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು. ಮನೆಯವರ ನೋವನ್ನೆಲ್ಲ ನುಂಗಿಕೊಂಡು ಬಂದ ಹೆಣ್ಣಿಗೆ, ರಾತ್ರಿಪಾಳಿಯಲ್ಲಿ ಬಸವಳಿದ ದಾದಿಗೆ ಈ ಸಾಲನ್ನು ಉಪದೇಶಿಸಿದರೆ ಅದು ಕ್ರೌರ್ಯವೇ ಸರಿ. ಆದರೆ ಇಡೀ ಪ್ರಾರ್ಥನೆ ಇರುವುದು ಉತ್ತಮ ಪುರುಷದಲ್ಲಿ. ‘ನಾನು’ ಎಂದು ಬೇಡಿಕೊಳ್ಳಬಹುದೇ ಹೊರತು ‘ನೀನು’ ಎಂದು ತಿರುಗಿಸಿ ಮತ್ತೊಬ್ಬರ ತಲೆಗೆ ಕಟ್ಟುವಂತಿಲ್ಲ. ಆ ದಾದಿಯ ಎದುರು ನಿಂತು ನಾನು ಇದನ್ನು ಹೇಳಿಕೊಂಡರೆ, ಮೊದಲು ಸಾಂತ್ವನ ಸಿಗಬೇಕಾದವಳು ಅವಳೇ. ಅವಳಿಗೊಂದು ಲೋಟ ಬಿಸಿ ಕಾಫಿ ತರಲು ಏಳಬೇಕಾದವನು ನಾನು.